ಕೀಲಿಮಣೆಯ ಹಿಂದಿನ ತಂತ್ರಜ್ಞ: ಕೆ.ಪಿ. ರಾವ್ ಅವರ ವೃತ್ತಿಜೀವನವೂ ಕೊಬ್ಬರಿ ನಾಡಿನ ವ್ಯಾಪಾರವೂ

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಗೆ ಟೆಂಡರ್ ದಿನದಂದು ಬಂದಿಳಿಯುವ ಉಂಡೆ ಕೊಬ್ಬರಿಯ ಹಿಂದೆ ಹಲವು ತಿಂಗಳುಗಳ ಕಾಯುವಿಕೆ ಅಡಗಿರುತ್ತದೆ. ಮರದಿಂದ ಇಳಿಸಿದ ಬಲಿತ ಕಾಯಿ ಅಟ್ಟವೇರಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದರೆ ಒಳಗೆ ಸದ್ದು ಕೇಳಿಸುವವರೆಗೆ ರೈತನು ಕಾಯುತ್ತಾನೆ. ಹೀಗೆ ಮಾಗಿದ ಮಾಲಿಗೆ ಬೆಲೆ ನಿಗದಿಯಾಗುವುದು ಮಾತ್ರ ಕೆಲವೇ ಗಂಟೆಗಳಲ್ಲಿ. ಲಾಟ್ ಸಂಖ್ಯೆ, ರೈತನ ಹೆಸರು, ಊರು, ಚೀಲಗಳ ಎಣಿಕೆ, ತೂಕ, ಕ್ವಿಂಟಾಲಿನ ಧಾರಣೆ, ಈ ಆರು ವಿವರಗಳಲ್ಲಿ ಒಂದು ತಪ್ಪಿದರೂ ಲೆಕ್ಕವೆಲ್ಲ ತಪ್ಪುತ್ತದೆ.

ಹಿಂದೆ ಈ ವಿವರಗಳನ್ನು ಮಂಡಿಯ ಗುಮಾಸ್ತರು ಮಸಿಯಲ್ಲಿ ಬರೆಯುತ್ತಿದ್ದರು. ಈಗ ಅವು ಗಣಕಯಂತ್ರಕ್ಕೆ ಸೇರುತ್ತವೆ. ಕೀಲಿಮಣೆಯ ಮೇಲೆ ಏಳು ಬಾರಿ ಬೆರಳು ಒತ್ತಿದರೆ ಪರದೆಯ ಮೇಲೆ ‘ಕೊಬ್ಬರಿ’ ಎಂಬ ಪದ ಮೂಡುತ್ತದೆ. ಇನ್ನೇಳು ಬಾರಿ ಒತ್ತಿದರೆ ‘ತಿಪಟೂರು’ ಎಂಬ ಪದ ಮೂಡುತ್ತದೆ. ಇಷ್ಟು ಸುಲಭವಾಗಿ ಕನ್ನಡವು ಗಣಕಕ್ಕೆ ಒಗ್ಗಿಕೊಂಡಿರುವುದರ ಹಿಂದೆ ಒಬ್ಬ ತಂತ್ರಜ್ಞರ ದಶಕಗಳ ಪರಿಶ್ರಮವಿದೆ. ಅವರೇ ನಾಡೋಜ ಕೆ.ಪಿ. ರಾವ್. ಅವರ ವೃತ್ತಿಜೀವನವನ್ನು ಪರಿಶೀಲಿಸಿದರೆ, ಉತ್ತಮ ತಂತ್ರಾಂಶ ಅಭಿಯಂತರನಲ್ಲಿ ಯಾವ ಗುಣಗಳಿರಬೇಕು, ಅಂಥವರಿಂದ ಸಣ್ಣ ಊರಿನ ವರ್ತಕರು ಹಾಗೂ ಕೈಗಾರಿಕೋದ್ಯಮಿಗಳು ಯಾವ ಬಗೆಯ ಕೆಲಸವನ್ನು ನಿರೀಕ್ಷಿಸಬಹುದು ಎಂಬುದು ಸ್ಪಷ್ಟವಾಗುತ್ತದೆ.

ಅಣುಶಕ್ತಿಯಿಂದ ಅಚ್ಚುಮೊಳೆಯವರೆಗೆ

ಕಿನ್ನಿಕಂಬಳ ಪದ್ಮನಾಭ ರಾವ್ ಅವರು 1940ರಲ್ಲಿ ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಜನಿಸಿದರು. ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನ ಪದವೀಧರರಾದ ಅವರು ಉದ್ಯೋಗವನ್ನರಸಿ ಮುಂಬಯಿ ಸೇರಿ, ಅಣುಶಕ್ತಿ ಸಂಸ್ಥೆಯಲ್ಲಿಯೂ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಕೆಲಸ ಮಾಡಿದರು. ಅಂದಿನ ದಿನಗಳಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹುದ್ದೆಯ ಹೆಸರೇ ಜನಸಾಮಾನ್ಯರ ಕಿವಿಗೆ ಬಿದ್ದಿರಲಿಲ್ಲ. ದೇಶದಲ್ಲಿದ್ದ ಗಣಕಯಂತ್ರಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದಾಗಿತ್ತು. ಗಣಕವನ್ನು ಬಲ್ಲವರೆಲ್ಲರೂ ಬೇರೆ ಯಾವುದಾದರೊಂದು ವಿದ್ಯೆಯಿಂದ ಅದರತ್ತ ಬಂದವರೇ ಆಗಿದ್ದರು.

ಟಾಟಾ ಸಂಸ್ಥೆಯಲ್ಲಿದ್ದ ಅವಧಿಯಲ್ಲಿ ಅವರಿಗೆ ಸಿಂಧೂ ಲಿಪಿಯ ವಿದ್ವಾಂಸರಾದ ಐರಾವತಂ ಮಹಾದೇವನ್ ಅವರ ಅಧ್ಯಯನದೊಡನೆ ಒಡನಾಟ ಒದಗಿತು. ಮಹಾದೇವನ್ ಅವರು ಸಿದ್ಧಪಡಿಸಿದ ಸಿಂಧೂ ಬರಹಗಳ ಅನುಕ್ರಮಣಿಕೆಯನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯು 1977ರಲ್ಲಿ ಪ್ರಕಟಿಸಿತು. ಯಾರೂ ಓದಲಾಗದ ಲಿಪಿಯ ಚಿಹ್ನೆಗಳನ್ನು ಗಣಕಕ್ಕೆ ಉಣಿಸುವುದು ಹೇಗೆ, ಅವನ್ನು ಅಚ್ಚಿಗೆ ತರುವುದು ಹೇಗೆ ಎಂಬ ಪ್ರಶ್ನೆಗಳು ಅಲ್ಲಿ ಎದುರಾದವು. ಅಕ್ಷರದ ಆಕಾರವೇ ಬೇರೆ, ಯಂತ್ರದೊಳಗೆ ಅದನ್ನು ಗುರುತಿಸುವ ಸಂಕೇತವೇ ಬೇರೆ ಎಂಬ ಅರಿವು ಮುಂದೆ ಕನ್ನಡದ ಕೆಲಸಕ್ಕೆ ಬುನಾದಿಯಾಯಿತು.

ಬಳಿಕ ರಾವ್ ಅವರು ಮುದ್ರಣ ಕ್ಷೇತ್ರಕ್ಕೆ ಬಂದರು. ಟಾಟಾ ಪ್ರೆಸ್‌ನಲ್ಲಿ ಫೋಟೋ ಅಕ್ಷರ ಜೋಡಣೆಯ ಕೆಲಸದಲ್ಲಿಯೂ, ಮುಂದೆ ಮುದ್ರಣಾಕ್ಷರಗಳಿಗೆ ಹೆಸರಾದ ಮೋನೋಟೈಪ್ ಸಂಸ್ಥೆಯಲ್ಲಿಯೂ ತೊಡಗಿಕೊಂಡರು. ಭಾರತೀಯ ಭಾಷೆಗಳ ಮುದ್ರಣಕ್ಕೆ ಅದು ಸಂಧಿಕಾಲ. ಕನ್ನಡದ 34 ವ್ಯಂಜನಗಳಿಗೆ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಸೇರಿಸಿದರೆ ನೂರಾರು ರೂಪಗಳಾಗುತ್ತವೆ. ಮೊಳೆ ಜೋಡಿಸುವವನ ಮುಂದೆ ಅಷ್ಟೂ ಮನೆಗಳ ಪೆಟ್ಟಿಗೆ ಇರಬೇಕಾಗಿತ್ತು. ಇಂಗ್ಲಿಷಿನ 26 ಅಕ್ಷರಗಳಿಗಾಗಿ ರೂಪಿಸಿದ ಯಂತ್ರಕ್ಕೆ ಈ ಹೊರೆಯನ್ನು ಹೊರಿಸುವುದೆಂತು ಎಂಬುದೇ ಎಲ್ಲರ ಚಿಂತೆಯಾಗಿತ್ತು. ಅಚ್ಚುಕೂಟದ ಒಳಹೊರಗನ್ನು ಕಂಡಿದ್ದ ರಾವ್ ಅವರಿಗೆ ಈ ತೊಡಕಿನ ಮೂಲವು ಚೆನ್ನಾಗಿ ತಿಳಿದಿತ್ತು.

ಕೀಲಿಮಣೆಯ ಲೆಕ್ಕಾಚಾರ

ಅದಕ್ಕೂ ಮೊದಲು ಕನ್ನಡಿಗರ ಬಳಿ ಬೆರಳಚ್ಚು ಯಂತ್ರಗಳಿರಲಿಲ್ಲವೆಂದಲ್ಲ. ಅನಂತ ಸುಬ್ಬರಾವ್ ಅವರ ವಿನ್ಯಾಸದ ಯಂತ್ರಗಳಲ್ಲಿ ಸರ್ಕಾರಿ ಕಚೇರಿಗಳ ಬೆರಳಚ್ಚುಗಾರರು ದಶಕಗಳ ಕಾಲ ಕೆಲಸ ಮಾಡಿದರು. ಆದರೆ ಅಲ್ಲಿ ಒಂದೊಂದು ಕೀಲಿಯೂ ಅಕ್ಷರದ ಒಂದೊಂದು ತುಣುಕನ್ನು ಮುದ್ರಿಸುತ್ತಿತ್ತು. ತಲೆಕಟ್ಟು, ಗುಡಿಸು, ಕೊಂಬು ಮೊದಲಾದವನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಜೋಡಿಸಬೇಕಾಗಿತ್ತು. ಅದನ್ನು ಕಲಿಯಲು ತಿಂಗಳುಗಟ್ಟಲೆ ಅಭ್ಯಾಸ ಬೇಕಾಗುತ್ತಿತ್ತು.

ರಾವ್ ಅವರು ಈ ಕ್ರಮವನ್ನು ತಲೆಕೆಳಗು ಮಾಡಿದರು. ಬೆರಳಚ್ಚಿಸುವವನು ಅಕ್ಷರದ ಆಕಾರವನ್ನು ಯೋಚಿಸಬೇಕಾಗಿಲ್ಲ, ಉಚ್ಚಾರಣೆಯ ಕ್ರಮದಲ್ಲಿ ಕೀಲಿಗಳನ್ನು ಒತ್ತಿದರೆ ಸಾಕು. ಆಕಾರವನ್ನು ಜೋಡಿಸುವುದು ಗಣಕದ ಕೆಲಸ ಎಂಬುದು ಅವರ ಸೂತ್ರ. ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳಲ್ಲಿಯೇ, ಶಿಫ್ಟ್ ಕೀಲಿಯ ನೆರವಿನಿಂದ, ಕನ್ನಡ ವರ್ಣಮಾಲೆಯೆಲ್ಲವೂ ಅಡಕವಾಯಿತು. ‘ಕ’ ಅಕ್ಷರಕ್ಕೆ ಕೆ ಕೀಲಿ, ಶಿಫ್ಟ್ ಜೊತೆಗೆ ಒತ್ತಿದರೆ ‘ಖ’. ಸ್ವರಕ್ಕೂ ಆ ಸ್ವರದ ಕಾಗುಣಿತಕ್ಕೂ ಒಂದೇ ಕೀಲಿ. ಒತ್ತಕ್ಷರ ಬೇಕಾದಾಗ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ಆದ್ದರಿಂದಲೇ ‘ಕೊಬ್ಬರಿ’ ಎಂದು ಬರೆಯಲು ಕ, ಒ, ಬ, ಎಫ್, ಬ, ರ, ಇ ಎಂಬ ಏಳು ಒತ್ತುಗಳು ಸಾಕಾಗುತ್ತವೆ.

ಈ ವಿನ್ಯಾಸದಲ್ಲಿ ತೊಡಕುಗಳೇ ಇಲ್ಲವೆಂದು ಹೇಳಲಾಗದು. ಟಿ ಕೀಲಿ ‘ತ’ಕಾರಕ್ಕೂ ಡಿ ಕೀಲಿ ‘ದ’ಕಾರಕ್ಕೂ ಮೀಸಲಾದುದರಿಂದ ‘ಟ’ಕಾರವನ್ನು ಕ್ಯೂ ಕೀಲಿಯಲ್ಲಿಯೂ ‘ಡ’ಕಾರವನ್ನು ಡಬ್ಲ್ಯೂ ಕೀಲಿಯಲ್ಲಿಯೂ ಹುಡುಕಬೇಕಾಗುತ್ತದೆ. ಕೇಂದ್ರ ಸರ್ಕಾರವು ಎಲ್ಲ ಭಾರತೀಯ ಭಾಷೆಗಳಿಗೆ ಒಪ್ಪಿದ ಇನ್‌ಸ್ಕ್ರಿಪ್ಟ್ ವಿನ್ಯಾಸವು ಬೇರೆಯೇ ತರ್ಕವನ್ನು ಅನುಸರಿಸುತ್ತದೆ. ಹಾಗಿದ್ದರೂ ಇಂಗ್ಲಿಷ್ ಕೀಲಿಮಣೆಯ ಪರಿಚಯವಿರುವ ಯಾರಾದರೂ ಕೆಲವೇ ದಿನಗಳಲ್ಲಿ ರಾವ್ ಅವರ ವಿನ್ಯಾಸವನ್ನು ಕಲಿಯಬಲ್ಲರು ಎಂಬುದು ಅದರ ದೊಡ್ಡ ಬಲವಾಯಿತು. ಪ್ರತ್ಯೇಕ ಬೆರಳಚ್ಚುಗಾರನನ್ನು ನೇಮಿಸಿಕೊಳ್ಳಲಾಗದ ಸಣ್ಣ ಅಂಗಡಿಗೆ ಇದು ಸಣ್ಣ ಅನುಕೂಲವಲ್ಲ.

ವರ್ತಕರಿಗೆ ಈ ಸೂತ್ರ ಅಪರಿಚಿತವೇನಲ್ಲ. ದಿನವಹಿಯಲ್ಲಿ ವ್ಯವಹಾರವನ್ನು ಒಮ್ಮೆ ಬರೆದರೆ ಅದು ರೈತನ ಖಾತೆಗೂ ಖರೀದಿದಾರನ ಖಾತೆಗೂ ಹಮಾಲಿ ಖಾತೆಗೂ ಹೋಗುತ್ತದೆ. ಮೂಲ ದಾಖಲೆ ಒಂದೇ. ಅದು ಕಾಣಿಸಿಕೊಳ್ಳುವ ರೂಪಗಳು ಹಲವು. ಭಾಷೆಯ ವಿಷಯದಲ್ಲಿ ರಾವ್ ಅವರು ಮಾಡಿದ್ದೂ ಇದನ್ನೇ. ಧ್ವನಿಯ ಕ್ರಮದಲ್ಲಿ ಪದವು ದಾಖಲಾದಾಗ ಮಾತ್ರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು, ಬೇಕಾದ ಹೆಸರನ್ನು ಹುಡುಕಲು ಸಾಧ್ಯವಾಗುತ್ತದೆ. ಅಕ್ಷರದ ತುಣುಕುಗಳ ರೂಪದಲ್ಲಿ ಉಳಿಸಿದ ಪಟ್ಟಿಯನ್ನು ಮುದ್ರಿಸಬಹುದೇ ಹೊರತು ಸರಿಯಾಗಿ ವಿಂಗಡಿಸುವುದು ಕಷ್ಟ.

ಹಂಚಿಕೊಂಡ ಆಸ್ತಿ

ಗಣಕದಲ್ಲಿ ಕನ್ನಡವನ್ನು ಬರೆಯಲು ರಾವ್ ಅವರು ಸಿದ್ಧಪಡಿಸಿದ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಭಾಷೆ ಮತ್ತು ಛಂದಸ್ಸಿನ ಮಹಾ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರಿಗೆ ಸಲ್ಲಿಸಿದ ಗೌರವವದು. ಅದನ್ನು ಅವರು ಆಸಕ್ತರಿಗೆ ಉಚಿತವಾಗಿಯೇ ನೀಡಿದರು. ಕೀಲಿಮಣೆಯ ವಿನ್ಯಾಸದ ಮೇಲೆಯೂ ಅವರು ಯಾವುದೇ ಶುಲ್ಕವನ್ನು ವಿಧಿಸಲಿಲ್ಲ.

ಆ ಕಾಲದಲ್ಲಿ ಒಂದೊಂದು ಕಂಪನಿಯ ಕನ್ನಡ ತಂತ್ರಾಂಶಕ್ಕೂ ಒಂದೊಂದು ಕೀಲಿಮಣೆ, ಒಂದೊಂದು ಅಕ್ಷರ ಸಂಕೇತ ಇರುತ್ತಿತ್ತು. ಒಂದರಲ್ಲಿ ಸಿದ್ಧಪಡಿಸಿದ ಕಡತವು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗೆರೆಗಳಾಗಿ ಕಾಣುತ್ತಿತ್ತು. ಹೀಗಾಗಿ ಏಕರೂಪತೆಗಾಗಿ ಒತ್ತಾಯ ಕೇಳಿಬಂದಾಗ, ಕರ್ನಾಟಕ ಸರ್ಕಾರವು ರಾವ್ ಅವರ ವಿನ್ಯಾಸವನ್ನೇ ಶಿಷ್ಟ ಕೀಲಿಮಣೆಯ ಆಧಾರವಾಗಿ ಸ್ವೀಕರಿಸಿತು. ಕನ್ನಡ ಗಣಕ ಪರಿಷತ್ತು ಅಭಿವೃದ್ಧಿಪಡಿಸಿದ ‘ನುಡಿ’ ತಂತ್ರಾಂಶವು ಅದನ್ನು ಕಚೇರಿ, ಶಾಲೆ, ಪತ್ರಿಕಾಲಯ, ಡಿ.ಟಿ.ಪಿ. ಅಂಗಡಿಗಳಿಗೆ ತಲುಪಿಸಿತು.

ಇದೇ ಹಾದಿಯಲ್ಲಿ ನೆನೆಯಬೇಕಾದ ಇನ್ನೊಬ್ಬ ಅಭಿಯಂತರರೆಂದರೆ ಶೇಷಾದ್ರಿವಾಸು ಚಂದ್ರಶೇಖರನ್. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಅವರು ಬಿಡುವಿನ ವೇಳೆಯಲ್ಲಿ ರೂಪಿಸಿದ ‘ಬರಹ’ ತಂತ್ರಾಂಶವು 1998ರಲ್ಲಿ ಹೊರಬಂದಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಪದವನ್ನು ಬರೆದರೆ ಅದು ಕನ್ನಡಕ್ಕೆ ತಿರುಗುವ ವಿಧಾನವು ಊರೂರಿನ ಗಣಕ ಕೇಂದ್ರಗಳನ್ನು ತಲುಪಿತು.

ಮುಂದೆ ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿ ಬಳಕೆಗೆ ಬಂದು, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ನಿಶ್ಚಿತ ಸಂಖ್ಯೆ ದೊರೆಯಿತು. ಇದರಿಂದ ಒಂದು ಯಂತ್ರದ ಕನ್ನಡವು ಇನ್ನೊಂದು ಯಂತ್ರಕ್ಕೂ ಅರ್ಥವಾಗತೊಡಗಿತು. ಇಂದು ಮೊಬೈಲ್ ದೂರವಾಣಿಯಲ್ಲಿ ವರ್ತಕರು ಧಾರಣೆಯನ್ನು ಕನ್ನಡದಲ್ಲಿಯೇ ಹಂಚಿಕೊಳ್ಳುತ್ತಿದ್ದರೆ, ಮಾತನಾಡಿದ್ದನ್ನೇ ದೂರವಾಣಿಯು ಬರಹವಾಗಿಸುತ್ತಿದ್ದರೆ, ಅದಕ್ಕೆ ಇಂತಹ ತಳಪಾಯವೇ ಕಾರಣ.

ಟೆಂಡರ್ ಚೀಟಿಯಿಂದ ಪರದೆಗೆ

ಕೊಬ್ಬರಿ ಮಾರುಕಟ್ಟೆಯಲ್ಲಿ ತಂತ್ರಾಂಶದ ಪ್ರವೇಶವು ಕೇವಲ ಬೆರಳಚ್ಚಿಗೆ ಸೀಮಿತವಾಗಲಿಲ್ಲ. ಚೀಟಿ ಪದ್ಧತಿಯಲ್ಲಿ ಖರೀದಿದಾರರು ಲಾಟುಗಳನ್ನು ಪರೀಕ್ಷಿಸಿ, ಒಂದೊಂದಕ್ಕೂ ಧಾರಣೆ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಚೀಟಿಗಳನ್ನು ಬಿಡಿಸಿ, ಲಾಟುವಾರು ಹೋಲಿಸಿ, ಅತ್ಯಧಿಕ ಬೆಲೆಯನ್ನು ಘೋಷಿಸುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಅಂಕಿಯ ಬರವಣಿಗೆ ಸ್ಪಷ್ಟವಾಗಿರದಿದ್ದರೆ ತಕರಾರು ಏಳುತ್ತಿತ್ತು.

2014ರಲ್ಲಿ ಕರ್ನಾಟಕ ಸರ್ಕಾರವು ಖಾಸಗಿ ವಿನಿಮಯ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯನ್ನು ಸ್ಥಾಪಿಸಿ, ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ತಿಪಟೂರಿನ ಕೊಬ್ಬರಿಯೂ ಆನ್‌ಲೈನ್ ಟೆಂಡರಿಗೆ ಒಳಪಟ್ಟಿತು. ಕೇಂದ್ರದ ಇ-ನಾಮ್ ಯೋಜನೆ ಆರಂಭವಾದದ್ದು ಅದಾದ ಎರಡು ವರ್ಷಗಳ ನಂತರ, 2016ರ ಏಪ್ರಿಲಿನಲ್ಲಿ. 2017ರ ಜುಲೈ 1ರಿಂದ ಜಿ.ಎಸ್.ಟಿ., 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಗೆ ಬಂದವು. ಹೀಗೆ ಐದು ವರ್ಷಗಳೊಳಗೆ ಮಂಡಿಯ ಗುಮಾಸ್ತನು ಗಣಕದ ಮುಂದೆ ಕೂರುವುದು ಅನಿವಾರ್ಯವಾಯಿತು.

ವೇಗ ಹೆಚ್ಚಿದಂತೆ ತಪ್ಪಿನ ಬೆಲೆಯೂ ಹೆಚ್ಚಿದೆ. ಉಂಡೆ ಕೊಬ್ಬರಿಯ ಧಾರಣೆಯು 2023ರಲ್ಲಿ ಕ್ವಿಂಟಾಲಿಗೆ 8,000 ರೂಪಾಯಿಗಳ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ ಅದು 25,000 ರೂಪಾಯಿಗಳನ್ನು ದಾಟಿತು. ಇಂತಹ ಏರಿಳಿತದ ಮಾರುಕಟ್ಟೆಯಲ್ಲಿ ಅಂಕಿಯೊಂದು ಸ್ಥಾನಪಲ್ಲಟವಾದರೂ ಖರೀದಿದಾರನು ತೊಂದರೆಗೆ ಸಿಲುಕುತ್ತಾನೆ. ಹಿಂದಿನ ಟೆಂಡರಿನ ಧಾರಣೆಗಿಂತ ಅಸಹಜವಾಗಿ ಹೆಚ್ಚಿನ ಅಥವಾ ಕಡಿಮೆ ಮೊತ್ತ ನಮೂದಾದಾಗ ‘ಇದು ಸರಿಯೇ?’ ಎಂದು ಮರುಪ್ರಶ್ನೆ ಕೇಳುವ ತಂತ್ರಾಂಶವೇ ಒಳ್ಳೆಯ ತಂತ್ರಾಂಶ. ಇದು ತಂತ್ರಜ್ಞಾನಕ್ಕಿಂತ ವ್ಯಾಪಾರವನ್ನು ಬಲ್ಲವನಿಗೆ ಹೊಳೆಯುವ ಸಂಗತಿ.

ಹೆಸರು ತಪ್ಪಿದರೆ ಹಣ ತಪ್ಪೀತು

ಬೆಂಬಲ ಬೆಲೆಯ ಖರೀದಿಯಲ್ಲಿ ತಂತ್ರಾಂಶದ ಮಹತ್ವ ಇನ್ನಷ್ಟು ಸ್ಪಷ್ಟವಾಗಿ ಕಂಡುಬಂದಿದೆ. 2024ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆಯನ್ನು ಘೋಷಿಸಿತ್ತು. ಮುಕ್ತ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗಿದ್ದುದರಿಂದ ನೋಂದಣಿಗೆ ನೂಕುನುಗ್ಗಲು ಉಂಟಾಯಿತು. ಅಕ್ರಮದ ದೂರುಗಳು ಬಂದ ಮೇಲೆ ಮೊದಲ ನೋಂದಣಿಯನ್ನು ರದ್ದುಗೊಳಿಸಿ, ಬೆರಳಚ್ಚು ಗುರುತಿನ ಆಧಾರದಲ್ಲಿ ಹೊಸದಾಗಿ ನೋಂದಣಿ ನಡೆಸಬೇಕಾಯಿತು. ನೈಜ ರೈತನು ಸರದಿಯಲ್ಲಿ ಎರಡು ಬಾರಿ ನಿಲ್ಲುವಂತಾಯಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟದ ರೈತರಿಗೆ ಇದು ಮರೆಯುವ ಸಂಗತಿಯಲ್ಲ.

ಇಂತಹ ಖರೀದಿಗೆ ರೈತನ ‘ಫ್ರೂಟ್ಸ್’ ಗುರುತಿನ ಸಂಖ್ಯೆ ಬೇಕು. ಅದಕ್ಕೆ ಪಹಣಿ, ಆಧಾರ್, ಬ್ಯಾಂಕ್ ಖಾತೆಗಳು ಹೊಂದಾಣಿಕೆಯಾಗಬೇಕು. ಪಹಣಿಯಲ್ಲಿ ಹೆಸರು ಕನ್ನಡದಲ್ಲಿರುತ್ತದೆ. ಬ್ಯಾಂಕಿನ ಪುಸ್ತಕದಲ್ಲಿ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ. ‘ನಂಜುಂಡಪ್ಪ’ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯುವ ರೀತಿ ಒಂದೇ. ಇಂಗ್ಲಿಷಿನಲ್ಲಾದರೋ ಬರೆದವರ ಕೈಗೆ ತಕ್ಕಂತೆ ಮೂರು ನಾಲ್ಕು ರೂಪಗಳಾಗುತ್ತವೆ. ಯಂತ್ರದ ದೃಷ್ಟಿಗೆ ಅವರೆಲ್ಲರೂ ಬೇರೆ ಬೇರೆ ವ್ಯಕ್ತಿಗಳು. ಕನ್ನಡದ ಹೆಸರನ್ನು ಕನ್ನಡದಲ್ಲಿಯೇ, ಶಿಷ್ಟ ಸಂಕೇತದಲ್ಲಿ ದಾಖಲಿಸುವುದು ಭಾಷಾಭಿಮಾನದ ಪ್ರಶ್ನೆ ಮಾತ್ರವಲ್ಲ, ಪಾವತಿಯ ಪ್ರಶ್ನೆಯೂ ಹೌದು. ರಾವ್ ಅವರಂತಹವರು ಭಾಷೆಗಾಗಿ ಮಾಡಿದ ಕೆಲಸವು ವ್ಯಾಪಾರಕ್ಕೆ ಒದಗುವುದು ಇಲ್ಲಿಯೇ.

ಅಂಗಡಿಯಲ್ಲಿ ಹುಟ್ಟಿದ ತಂತ್ರಾಂಶ

ವ್ಯಾಪಾರದ ಅಗತ್ಯದಿಂದಲೇ ತಂತ್ರಾಂಶ ಹುಟ್ಟಿದ ನಿದರ್ಶನವೂ ನಮ್ಮ ರಾಜ್ಯದಲ್ಲಿದೆ. ಬೆಂಗಳೂರಿನಲ್ಲಿ ಕೈಗಾರಿಕೆಗಳಿಗೆ ಕಚ್ಚಾ ಸಾಮಗ್ರಿ ಹಾಗೂ ಯಂತ್ರದ ಬಿಡಿಭಾಗಗಳನ್ನು ಪೂರೈಸುತ್ತಿದ್ದ ಎಸ್.ಎಸ್. ಗೋಯೆಂಕಾ ಅವರಿಗೆ ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ತಂತ್ರಾಂಶ ದೊರೆಯಲಿಲ್ಲ. ಅವರ ಮಗ ಭರತ್ ಗೋಯೆಂಕಾ ತಾವೇ ಒಂದನ್ನು ಬರೆದರು. 1986ರಲ್ಲಿ ತಂದೆ-ಮಗ ಪ್ಯೂಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದರು. ಮುಂದೆ ಅದೇ ಟ್ಯಾಲಿ ಸೊಲ್ಯೂಷನ್ಸ್ ಎಂದು ಹೆಸರಾಯಿತು. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಲೆಕ್ಕ ಬರೆಯುವವನು ಗಣಕದ ಸಂಕೇತಗಳನ್ನು ಕಂಠಪಾಠ ಮಾಡಬೇಕಿಲ್ಲ, ತನಗೆ ಗೊತ್ತಿರುವ ಖಾತೆಗಳ ಹೆಸರಿನಲ್ಲಿಯೇ ಕೆಲಸ ಮಾಡಬಹುದು ಎಂಬುದು ಟ್ಯಾಲಿಯ ಯಶಸ್ಸಿನ ಗುಟ್ಟು. ಉಚ್ಚರಿಸುವಂತೆಯೇ ಬೆರಳಚ್ಚಿಸಿ ಎಂದ ರಾವ್ ಅವರ ಸೂತ್ರಕ್ಕೂ ಇದಕ್ಕೂ ಇರುವ ಹೋಲಿಕೆ ಗಮನಾರ್ಹ.

ವರ್ತಕರು ಗಮನಿಸಬೇಕಾದ ಗುಣಗಳು

ಕೊಬ್ಬರಿ ಮಂಡಿ, ಕೊಬ್ಬರಿ ಪುಡಿ ಕಾರ್ಖಾನೆ, ಎಣ್ಣೆ ಗಾಣ, ನಾರಿನ ಘಟಕ, ಚಿಪ್ಪಿನ ಇದ್ದಿಲು ಘಟಕ, ಇವುಗಳಲ್ಲಿ ಯಾವುದಕ್ಕಾದರೂ ತಂತ್ರಾಂಶ ಮಾಡಿಸಬೇಕಾದಾಗ ಮಾಲೀಕರು ಸಾಮಾನ್ಯವಾಗಿ ದರವನ್ನು ಮಾತ್ರ ವಿಚಾರಿಸುತ್ತಾರೆ. ರಾವ್ ಅವರ ವೃತ್ತಿಜೀವನದ ಹಿನ್ನೆಲೆಯಲ್ಲಿ ನೋಡಿದರೆ ವಿಚಾರಿಸಬೇಕಾದ ಬೇರೆ ಸಂಗತಿಗಳೂ ಇವೆ.

ಮೊದಲನೆಯದು, ಕಸುಬನ್ನು ಕಲಿಯುವ ತಾಳ್ಮೆ. ರಾವ್ ಅವರು ಮುದ್ರಣದ ಸಮಸ್ಯೆಗೆ ಪರಿಹಾರ ಕಂಡುಕೊಂಡದ್ದು ಮುದ್ರಣಾಲಯದಲ್ಲಿ ದುಡಿದ ಮೇಲೆ. ಟೆಂಡರ್ ದಿನ ಮಂಡಿಯಲ್ಲಿ ನಿಂತು ಲಾಟು, ತೂಕ, ಹಮಾಲಿ, ಪಟ್ಟಿ ಇವುಗಳ ಕ್ರಮವನ್ನು ಕಾಣದವನು ಬರೆದ ತಂತ್ರಾಂಶವು ಮಂಡಿಗೆ ಒಗ್ಗುವುದು ಕಷ್ಟ.

ಎರಡನೆಯದು, ಬಳಸುವವನ ಬಗ್ಗೆ ಗೌರವ. ಮೂವತ್ತು ವರ್ಷ ಲೆಕ್ಕ ಬರೆದ ಗುಮಾಸ್ತನು ತಂತ್ರಾಂಶದ ಮುಂದೆ ತಬ್ಬಿಬ್ಬಾದರೆ ದೋಷ ಗುಮಾಸ್ತನದಲ್ಲ. ಅವನ ಅನುಭವವನ್ನು ಕಡೆಗಣಿಸಿ ಮಾಡಿದ ಗಣಕೀಕರಣದಿಂದ ಅಂಗಡಿಗೆ ನಷ್ಟವೇ ಹೆಚ್ಚು.

ಮೂರನೆಯದು, ಶಿಷ್ಟತೆಗೆ ಬದ್ಧತೆ. ಕನ್ನಡದ ದಾಖಲೆಗಳು ಯೂನಿಕೋಡಿನಲ್ಲಿಯೇ ಉಳಿಯುತ್ತವೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಉಳಿದಿರುವ ರೈತರ ಪಟ್ಟಿಗಳನ್ನು ಆದಷ್ಟು ಬೇಗ ಪರಿವರ್ತಿಸಿಕೊಳ್ಳುವುದು ಲೇಸು.

ನಾಲ್ಕನೆಯದು, ದಾಖಲೆಯ ಒಡೆತನ. ತಂತ್ರಾಂಶವು ಯಾರದ್ದೇ ಆಗಿರಲಿ, ಅದರೊಳಗಿನ ಲೆಕ್ಕವು ವರ್ತಕನದು. ನಾಳೆ ಬೇರೆ ತಂತ್ರಾಂಶಕ್ಕೆ ಹೋಗಬೇಕಾದರೆ ಎಲ್ಲ ದಾಖಲೆಯನ್ನೂ ಸುಲಭವಾಗಿ ಹೊರತೆಗೆಯುವಂತಿರಬೇಕು. ಈ ಷರತ್ತು ಒಪ್ಪಂದದ ಪತ್ರದಲ್ಲಿಯೇ ಇರಬೇಕು.

ಐದನೆಯದು, ಹಲವು ವಿದ್ಯೆಗಳ ಕೂಟ. ಅಣುಶಕ್ತಿ, ಪ್ರಾಚೀನ ಲಿಪಿ, ಮುದ್ರಣ, ಭಾಷೆ, ಬೋಧನೆ ಇವೆಲ್ಲವೂ ಒಬ್ಬರೇ ವ್ಯಕ್ತಿಯಲ್ಲಿ ಕೂಡಿದ್ದರಿಂದಲೇ ಕೀಲಿಮಣೆಯ ಸೂತ್ರ ಹೊಳೆಯಿತು. ಒಂದೇ ಪ್ರೋಗ್ರಾಮಿಂಗ್ ಭಾಷೆಯ ಪರಿಣತಿಗಿಂತ ಹೊಸದನ್ನು ಕಲಿಯುವ ಸಾಮರ್ಥ್ಯಕ್ಕೆ ಹೆಚ್ಚು ಬಾಳಿಕೆಯಿದೆ.

ಊರಿನ ಮಕ್ಕಳು, ಊರಿನ ಕೆಲಸ

ರಾವ್ ಅವರು ಮುಂಬಯಿಯ ದೀರ್ಘ ವೃತ್ತಿಜೀವನದ ನಂತರ ಕರಾವಳಿಗೆ ಮರಳಿ, ಮಣಿಪಾಲದಲ್ಲಿ ತಾಂತ್ರಿಕ ವಿದ್ಯಾರ್ಥಿಗಳಿಗೆ ಬೋಧಿಸಿದರು. ಲಿಪಿಗಳ ಅಧ್ಯಯನವನ್ನು ಮುಂದುವರಿಸಿದರು. ‘ವರ್ಣಕ’ ಎಂಬ ಕಾದಂಬರಿಯನ್ನೂ ಬರೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಗೌರವವನ್ನು ನೀಡಿತು. ದೊಡ್ಡ ಸಂಬಳದ ಹುದ್ದೆಯೊಂದೇ ತಂತ್ರಜ್ಞನ ಸಾಧನೆಯ ಅಳತೆಗೋಲಲ್ಲ ಎಂಬುದಕ್ಕೆ ಅವರ ಬದುಕು ನಿದರ್ಶನ.

ಕಲ್ಪತರು ನಾಡಿನಲ್ಲಿಯೂ ತಾಂತ್ರಿಕ ವಿದ್ಯೆಗೆ ಕೊರತೆಯಿಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವು 1963ರಲ್ಲಿಯೂ, ತಿಪಟೂರಿನ ಕಲ್ಪತರು ತಾಂತ್ರಿಕ ಮಹಾವಿದ್ಯಾಲಯವು 1986ರಲ್ಲಿಯೂ ಆರಂಭವಾದವು. ಅಲ್ಲಿ ಕಲಿತ ತರುಣರು ಬೆಂಗಳೂರಿನ ರೈಲು ಹತ್ತುವುದು ಸಹಜ. ಅವರಲ್ಲಿ ಅನೇಕರು ಕೊಬ್ಬರಿ ಸುಲಿಯುವ ಮನೆಗಳಿಂದಲೇ ಬಂದವರು. ಅಟ್ಟದ ಮೇಲಿನ ಕಾಯಿಯ ಸದ್ದನ್ನೂ ಬಲ್ಲವರು, ಗಣಕದ ಸಂಕೇತವನ್ನೂ ಬಲ್ಲವರು. ಈ ಎರಡನ್ನೂ ಬಲ್ಲವರು ಬೇರೆಡೆ ಸಿಗುವುದು ಅಪರೂಪ.

ಅಂತಿಮ ವರ್ಷದ ವಿದ್ಯಾರ್ಥಿಗಳ ಯೋಜನಾ ಕಾರ್ಯಕ್ಕೆ ಮಂಡಿಯ ಬಾಗಿಲನ್ನು ತೆರೆದಿಡುವುದಕ್ಕೆ ವರ್ತಕರಿಗೆ ಹೆಚ್ಚಿನ ಖರ್ಚೇನೂ ತಗಲದು. ಒಂದು ಹಂಗಾಮು ಟೆಂಡರ್ ದಿನಗಳಲ್ಲಿ ಗುಮಾಸ್ತನ ಪಕ್ಕದಲ್ಲಿ ಕುಳಿತ ವಿದ್ಯಾರ್ಥಿಯು, ಪಠ್ಯಪುಸ್ತಕದಲ್ಲಿ ಸಿಗದ ಪಾಠವನ್ನು ಕಲಿತಾನು. ಅವರಲ್ಲಿ ಒಬ್ಬಿಬ್ಬರಾದರೂ ಈ ಮಾರುಕಟ್ಟೆಯ ಲೆಕ್ಕವನ್ನು ಈ ಮಾರುಕಟ್ಟೆಯ ಮಾತಿನಲ್ಲಿಯೇ ನಡೆಸಿಕೊಡುವ ತಂತ್ರಾಂಶವನ್ನು ರೂಪಿಸಿದರೆ, ಕೊಬ್ಬರಿ ನಾಡಿನ ರೈತನಿಗೂ ವರ್ತಕನಿಗೂ ಅದರ ಫಲ ದೊರೆಯುವುದು ನಿಶ್ಚಿತ.